ಹತ್ತೊಂಬತ್ತು ಸೆಕೆಂಡಿನ ಆನೆಯೂ ನಮ್ಮ ಏಳನೇ ತರಗತಿಯೂ

ಕಳೆದ ತಿಂಗಳು ಕನ್ನಡ ಮಾಧ್ಯಮದ ಅಧ್ಯಾಪಕರು ನಾಲ್ಕೈದು ಮಂದಿ ಒಟ್ಟು ಸೇರಿದ್ದಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರೊಬ್ಬರು ನಮ್ಮನ್ನು ಕೇಳಿದರು: "ನೀವು 2020ರಿಂದ ಪಾಠದ ವಿಡಿಯೋ ಮಾಡ್ತಾ ಇದ್ದೀರಲ್ಲ, ನೋಡುವವರು ಜಾಸ್ತಿ ಆಗ್ಬೇಕಾದ್ರೆ ಎಂತ ಮಾಡ್ಬೇಕು?"

ತಟ್ಟನೆ ಉತ್ತರ ಹೊಳೆಯಲಿಲ್ಲ. ನಾವು ಎಂದರೆ ಮೂವರು. ಕಾಸರಗೋಡಿನ ಒಳನಾಡಿನ ಒಂದು ಯು.ಪಿ. ಶಾಲೆಯಲ್ಲಿ ಒಬ್ಬರು ಸಮಾಜ ವಿಜ್ಞಾನ, ಒಬ್ಬರು ಗಣಿತ, ಒಬ್ಬರು ಕನ್ನಡ ಕಲಿಸುವವರು. ನಮ್ಮ ವಿಡಿಯೋಗಳಿಗೆ ಸಾವಿರಗಟ್ಟಲೆ ನೋಡುಗರೇನೂ ಇಲ್ಲ. ಹಾಗಿರುವಾಗ ಇನ್ನೊಬ್ಬರಿಗೆ ಉಪದೇಶ ಮಾಡಲು ನಾವು ಯಾರು? ಆದರೆ ಚರಿತ್ರೆ ಕಲಿಸುವವರಿಗೆ ಒಂದು ದುರಭ್ಯಾಸವಿದೆ ನೋಡಿ, ಯಾವ ಪ್ರಶ್ನೆ ಕೇಳಿದರೂ ಅದರ ಬುಡ ಹುಡುಕಿಕೊಂಡು ಹೋಗುವುದು. ಈ ಸಲವೂ ಹಾಗೆಯೇ ಆಯಿತು. ಹುಡುಕಿದಷ್ಟನ್ನು ಇಲ್ಲಿ ಬರೆದಿಡುತ್ತೇವೆ. ಪಾಠದ ವಿಡಿಯೋ ಮಾಡಲು ಹೊರಟಿರುವ ನಮ್ಮಂಥ ಶಾಲೆಯವರಿಗೆ ಉಪಯೋಗವಾದರೆ ಸಂತೋಷ.

ದೂರದ ಮಕ್ಕಳಿಗೆ ಪರದೆಯ ಮೇಲೆ ಪಾಠ ತೋರಿಸುವ ಕೆಲಸ ಅಂತರ್ಜಾಲದೊಂದಿಗೆ ಹುಟ್ಟಿದ್ದಲ್ಲ. 1975ರ ಆಗಸ್ಟ್ 1ರಂದು ನಮ್ಮ ದೇಶದಲ್ಲಿ 'ಸೈಟ್' ಎಂಬ ಹೆಸರಿನ ಒಂದು ಪ್ರಯೋಗ ಆರಂಭವಾಯಿತು. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಇಸ್ರೋದವರು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಟಿ.ವಿ. ಪೆಟ್ಟಿಗೆಗಳನ್ನು ಇಟ್ಟರು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಮಗುಚಿದ ಕೊಡೆಯಂತಿದ್ದ ಆಂಟೆನಾದಿಂದ ಆ ಪೆಟ್ಟಿಗೆಗಳಿಗೆ ಚಿತ್ರ ಬರುತ್ತಿತ್ತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೆಳಗಿನ ಹೊತ್ತನ್ನು ಹಿಂದಿ, ಒರಿಯಾ, ತೆಲುಗು, ಕನ್ನಡ ಎಂದು ನಾಲ್ಕು ಪಾಲು ಮಾಡಿದಾಗ ಕನ್ನಡದ ಮಕ್ಕಳಿಗೆ ಸಿಗುತ್ತಿದ್ದದ್ದು ಇಪ್ಪತ್ತು ಚಿಲ್ಲರೆ ನಿಮಿಷ. ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಗಡಿಯಾಚೆ ಕೂತು ಕನ್ನಡದ ಪಾಠ ತಯಾರಿಸುವ ಕೆಲಸ ನಮ್ಮಿಂದಲೇ ಶುರುವಾದದ್ದಲ್ಲ ಎಂದು ತಿಳಿದಾಗ ನಮಗೆ ನಗು ಬಂತು, ಸ್ವಲ್ಪ ಧೈರ್ಯವೂ ಬಂತು.

1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಉಪಗ್ರಹ ವಾಪಸು ಹೋಯಿತು. ಒಂದು ವರ್ಷ ದಿನಾ ಚಿತ್ರ ಬರುತ್ತಿದ್ದ ಪೆಟ್ಟಿಗೆ ಒಮ್ಮೆಲೇ ಖಾಲಿಯಾದಾಗ ಆ ಮಕ್ಕಳಿಗೆ ಹೇಗನಿಸಿರಬಹುದು?

ಇದೇ ಕಾಲಕ್ಕೆ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಕೆಲಸ ಆರಂಭವಾಯಿತು. ನಮ್ಮ ವಿಷಯಕ್ಕೆ ಅದೇ ಹೆಚ್ಚು ಹತ್ತಿರ. ಪಿಜ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಪ್ರಸಾರ ಕೇಂದ್ರವಿತ್ತು. ಅದಕ್ಕೆ ಕಾರ್ಯಕ್ರಮ ತಯಾರಿಸುತ್ತಿದ್ದ ಅಹಮದಾಬಾದಿನ ಇಸ್ರೋ ಮಂದಿ ಕ್ಯಾಮೆರಾ ಹಿಡಿಯುವ ಮೊದಲೇ ಹಳ್ಳಿಗಳಿಗೆ ಹೋಗಿ ಜನರೊಡನೆ ಮಾತಾಡಿದರು. ನಿಮ್ಮ ಕಷ್ಟ ಏನು, ನಿಮಗೆ ಬಿಡುವು ಯಾವಾಗ, ಯಾರು ಯಾರ ಪಕ್ಕ ಕೂತು ನೋಡುತ್ತೀರಿ ಎಂದೆಲ್ಲ ವಿಚಾರಿಸುವುದಕ್ಕೇ ಸಮಾಜ ವಿಜ್ಞಾನಿಗಳಿದ್ದರು. ಕಾರ್ಯಕ್ರಮದಲ್ಲಿ ಹಳ್ಳಿಯವರೇ ಪಾತ್ರ ಮಾಡಿದರು. ಭಾಷೆಯೂ ಪುಸ್ತಕದ ಗುಜರಾತಿಯಲ್ಲ, ಆ ಸೀಮೆಯ ಚರೋತರಿ ಆಡುಮಾತು. ತೋರಿಸಿದ ಮೇಲೆ ಪುನಃ ಹೋಗಿ, ಅರ್ಥವಾಯಿತೇ ಎಂದು ಕೇಳಿ ತಿದ್ದಿಕೊಳ್ಳುತ್ತಿದ್ದರು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋದ ಬಹುಮಾನ ಈ ಯೋಜನೆಗೆ ಬಂತು. ಒಂದು ಜಿಲ್ಲೆಗಷ್ಟೇ ಕಾಣುತ್ತಿದ್ದ ಟಿ.ವಿ.ಗೆ ಲೋಕದ ಬಹುಮಾನ! ಈ ಖೇಡಾದ ಕಥೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಮೂವತ್ತು ವರ್ಷ ದಾಟಿ 2005ಕ್ಕೆ ಬರೋಣ. ಅಮೆರಿಕದ ಸ್ಯಾನ್ ಡಿಯಾಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಜಾವೇದ್ ಕರೀಂ ಎಂಬ ತರುಣ, ಇವುಗಳಿಗೆ ಬಲು ಉದ್ದದ ಸೊಂಡಿಲಿದೆ ಎಂದು ಹೇಳುತ್ತಾನೆ. ಆತನ ಗೆಳೆಯ ಅದನ್ನು ಚಿತ್ರೀಕರಿಸುತ್ತಾನೆ. ಒಟ್ಟು 19 ಸೆಕೆಂಡು. 2005ರ ಏಪ್ರಿಲ್ 23ರಂದು ಯೂಟ್ಯೂಬಿಗೆ ಏರಿದ ಮೊಟ್ಟಮೊದಲ ವಿಡಿಯೋ ಇದು. ಕರೀಂ, ಚಾಡ್ ಹರ್ಲಿ, ಸ್ಟೀವ್ ಚೆನ್ ಮೂವರೂ ಮೊದಲು ಪೇಪಾಲ್ ಕಂಪೆನಿಯಲ್ಲಿದ್ದವರು. ಕರೀಮನ ತಂದೆ ಬಾಂಗ್ಲಾದೇಶದವರು, ತಾಯಿ ಜರ್ಮನಿಯವರು. ಆ ವಿಡಿಯೋದಲ್ಲಿ ಗಾಳಿಯ ಸದ್ದಿದೆ, ಅಕ್ಕಪಕ್ಕದವರ ಗಲಾಟೆಯಿದೆ. ಇಂದು ಯಾರಾದರೂ ಶಿಬಿರ ನಡೆಸಿ 'ಒಳ್ಳೆಯ ವಿಡಿಯೋ ಹೇಗಿರಬೇಕು' ಎಂದು ಪಾಠ ಮಾಡಿದರೆ ಇದು ಖಂಡಿತ ಪಾಸಾಗದು. ಆದರೆ ಯಾರು ಬೇಕಾದರೂ ಏರಿಸಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಸೈಟ್ ಕಾಲದಲ್ಲಿ ಒಂದು ಪಾಠ ತೋರಿಸಲು ಉಪಗ್ರಹವೇ ಬೇಕಿತ್ತಲ್ಲ!

2006ರ ಮಾರ್ಚಿನಲ್ಲಿ ಯೂಟ್ಯೂಬಿನವರು ಸಾಮಾನ್ಯ ಬಳಕೆದಾರರ ವಿಡಿಯೋಗೆ ಹತ್ತು ನಿಮಿಷದ ಮಿತಿ ಹಾಕಿದರು. ಸಿನೆಮಾ, ಧಾರಾವಾಹಿಗಳನ್ನು ಕದ್ದು ಏರಿಸುವುದನ್ನು ತಡೆಯುವುದು ಅವರ ಉದ್ದೇಶವಾಗಿತ್ತು, ಶಿಕ್ಷಣದ ಯೋಚನೆ ಅಲ್ಲಿರಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ಗೂಗಲ್ 165 ಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಘೋಷಿಸಿತು. ನೋಡಿದವರ ಸಂಖ್ಯೆ ವಿಡಿಯೋದ ಅಡಿಯಲ್ಲೇ ಕಾಣುತ್ತಿತ್ತು. ಹಳಬರಿಗೆ ನೆನಪಿರಬಹುದು, ಆ ಸಂಖ್ಯೆ ಒಮ್ಮೊಮ್ಮೆ 301ಕ್ಕೆ ಬಂದು ಗಕ್ಕನೆ ನಿಲ್ಲುತ್ತಿತ್ತು. ಸುಳ್ಳು ಲೆಕ್ಕ ಸೇರದಂತೆ ಪರಿಶೀಲಿಸುವುದಕ್ಕಾಗಿ ಹಾಗೆ ನಿಲ್ಲಿಸುತ್ತಿದ್ದರು. 2015ರಲ್ಲಿ ಆ ಪದ್ಧತಿ ಬಿಟ್ಟರು. ನೋಡುಗರನ್ನು ಎಣಿಸುವ ಹುಚ್ಚು ಆಗಲೇ ಎಷ್ಟಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಇನ್ನು ನಮಗೆ ಬಹಳ ಇಷ್ಟವಾದ ಭಾಗ. ಸಲ್ಮಾನ್ ಖಾನ್ ಎಂದರೆ ನಮ್ಮ ಮಕ್ಕಳು ತಕ್ಷಣ ಸಿನೆಮಾದವನನ್ನೇ ನೆನೆಯುತ್ತಾರೆ. ಇವರು ಬೇರೆ. ಅಮೆರಿಕದಲ್ಲೇ ಹುಟ್ಟಿದ ಬಂಗಾಳಿ ಮನೆತನದವರು, ಬಾಸ್ಟನ್ನಿನಲ್ಲಿ ಹಣಹೂಡಿಕೆ ಸಂಸ್ಥೆಯೊಂದರ ನೌಕರರು. 2004ರಲ್ಲಿ ದೂರದ ನ್ಯೂ ಓರ್ಲಿಯನ್ಸಿನಲ್ಲಿದ್ದ ಅವರ ಬಂಧು ಹುಡುಗಿ ನಾದಿಯಾಳಿಗೆ ಗಣಿತದಲ್ಲಿ ಅಳತೆಯ ಪರಿವರ್ತನೆ ತಲೆಗೆ ಹೋಗುತ್ತಿರಲಿಲ್ಲ. ಕಿಲೋ, ಗ್ರಾಂ, ಮೀಟರ್ ಇವೆಲ್ಲ. (ನಮ್ಮ ಐದನೇ ತರಗತಿಯಲ್ಲೂ ಮಕ್ಕಳು ಮುಗ್ಗರಿಸುವುದು ಸರಿಯಾಗಿ ಅಲ್ಲಿಯೇ.) ಇವರು ಸಂಜೆ ಫೋನಿನಲ್ಲಿ, ಗಣಕಯಂತ್ರದ ಪರದೆಯಲ್ಲಿ ಗೀಚುತ್ತಾ ಹೇಳಿಕೊಟ್ಟರು. ಅವಳಿಗೆ ಬಂತು. ಅವಳ ತಮ್ಮಂದಿರು ಸೇರಿದರು, ಮತ್ತೆ ಬೇರೆ ನೆಂಟರ ಮಕ್ಕಳು ಸೇರಿದರು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಲು ಹೊತ್ತು ಸಾಲದಾದಾಗ, ಯೂಟ್ಯೂಬಿಗೆ ಹಾಕು ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. 2006ರ ನವೆಂಬರಿನಲ್ಲಿ ಹಾಕಲು ತೊಡಗಿದರು.

ಆ ವಿಡಿಯೋಗಳಲ್ಲಿ ಮೇಷ್ಟರ ಮುಖವೇ ಇಲ್ಲ! ಕಪ್ಪು ಪರದೆ, ಅದರ ಮೇಲೆ ಬಣ್ಣದ ಗೆರೆಗಳು, ಹಿಂದೆ ಒಂದು ಧ್ವನಿ. ಪಕ್ಕದಲ್ಲಿ ಕೂತು ಪುಸ್ತಕದಲ್ಲಿ ಬರೆದು ತೋರಿಸುವ ಅಣ್ಣನ ಧ್ವನಿಯ ಹಾಗೆ. ಹತ್ತು ನಿಮಿಷದ ಮಿತಿ ಇದ್ದುದರಿಂದ ಪಾಠಗಳನ್ನು ತುಂಡು ಮಾಡಬೇಕಾಯಿತು. ಕಳ್ಳರಿಗೆಂದು ಹಾಕಿದ ಬೇಲಿ ಮಕ್ಕಳಿಗೆ ಅನುಕೂಲವಾದ ಕಥೆ ಇದು. ಧ್ವನಿಮುದ್ರಣಕ್ಕೆ ಅವರು ಕೂರುತ್ತಿದ್ದದ್ದು ಮನೆಯ ಬಟ್ಟೆಬರೆ ಇಡುವ ಕೋಣೆಯಲ್ಲಿ. ನೆಂಟರ ಮಕ್ಕಳು ತನ್ನನ್ನು ಎದುರಿಗಿಂತ ಯೂಟ್ಯೂಬಿನಲ್ಲೇ ಹೆಚ್ಚು ಇಷ್ಟಪಟ್ಟರು ಎಂದು 2011ರ ಒಂದು ಭಾಷಣದಲ್ಲಿ ಅವರೇ ಹೇಳಿ ನಗಿಸಿದ್ದಾರೆ. ಕಾರಣವೂ ಇದೆ. ಗೊತ್ತಾಗದಿದ್ದರೆ ಹಿಂದಕ್ಕೆ ಓಡಿಸಬಹುದು, ಹತ್ತು ಸಲ ನೋಡಬಹುದು, "ಇಷ್ಟೂ ಗೊತ್ತಿಲ್ಲವಾ?" ಎಂದು ಯಾರೂ ಕೇಳುವುದಿಲ್ಲ. 2009ರಲ್ಲಿ ನೌಕರಿ ಬಿಟ್ಟರು, 2010ರಲ್ಲಿ ಗೂಗಲ್ 20 ಲಕ್ಷ ಡಾಲರ್ ಕೊಟ್ಟಿತು. ಮುಂದಿನದ್ದು ಎಲ್ಲರಿಗೂ ಗೊತ್ತಿದೆ. ನಮಗೆ ಮುಖ್ಯವಾದದ್ದು ಆ ಹಣವಲ್ಲ. ಲೋಕವೇ ನೋಡಿದ ಆ ಪಾಠಗಳು ಶುರುವಾದದ್ದು ಒಬ್ಬಳು ಹುಡುಗಿಗಾಗಿ, ಅವಳು ಎಲ್ಲಿ ತಪ್ಪುತ್ತಾಳೆ ಎಂದು ಚೆನ್ನಾಗಿ ಗೊತ್ತಿದ್ದ ಒಬ್ಬರಿಂದ.

2012ರಲ್ಲಿ ಯೂಟ್ಯೂಬಿನಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಅದುವರೆಗೆ ಯಾವುದನ್ನು ಹೆಚ್ಚು ಮಂದಿ ಒತ್ತಿದ್ದಾರೋ ಅದನ್ನೇ ಮುಂದೆ ತಂದು ತೋರಿಸುತ್ತಿದ್ದರು. ಹಾಗಾಗಿ ಒಳಗೆ ಏನೂ ಇಲ್ಲದಿದ್ದರೂ ಹೊರಗೆ ಒಂದು ಮೋಸದ ಚಿತ್ರ ಅಂಟಿಸಿದರೆ ಸಾಕಿತ್ತು. ಆ ವರ್ಷದಿಂದ, ಒತ್ತಿದವರು ಎಷ್ಟು ಹೊತ್ತು ಕೂತು ನೋಡಿದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರು. ಯಕ್ಷಗಾನ ಬಯಲಾಟಕ್ಕೆ ಬಂದವರೆಷ್ಟು ಎಂದು ಎಣಿಸುವುದು ಬಿಟ್ಟು, ಬೆಳಗಿನ ಮಂಗಳದವರೆಗೆ ಕೂತವರೆಷ್ಟು ಎಂದು ಎಣಿಸಿದ ಹಾಗೆ. ಇದರಿಂದ ಒಳ್ಳೆಯದಾಯಿತೇ? ಅರ್ಧ ಆಯಿತು. ಮೋಸದ ಚಿತ್ರ ಕಡಿಮೆಯಾಗಬಹುದು ಎಂದುಕೊಂಡರೆ, ಎರಡು ನಿಮಿಷದ ವಿಷಯವನ್ನು ಹನ್ನೆರಡು ನಿಮಿಷ ಎಳೆಯುವವರು ಹುಟ್ಟಿಕೊಂಡರು. ಮೋಸದ ಚಿತ್ರವೂ ಹೋಗಲಿಲ್ಲ ಎಂಬುದು ನಿಮಗೇ ಗೊತ್ತು.

ಪಾಠದ ವಿಡಿಯೋಗಳ ಬಗ್ಗೆ ನಿಜವಾದ ಅಧ್ಯಯನ ಬಂದದ್ದು 2014ರಲ್ಲಿ. ಫಿಲಿಪ್ ಗುವೊ, ಜುಹೋ ಕಿಮ್, ರಾಬ್ ರೂಬಿನ್ ಎಂಬವರು ಎಡೆಕ್ಸ್ ಎಂಬ ಅಂತರ್ಜಾಲ ಶಿಕ್ಷಣ ತಾಣದ 862 ವಿಡಿಯೋಗಳನ್ನು ತೆಗೆದುಕೊಂಡು, ವಿದ್ಯಾರ್ಥಿಗಳು ಅವನ್ನು ನೋಡಿದ 69 ಲಕ್ಷ ಸಂದರ್ಭಗಳನ್ನು ಲೆಕ್ಕ ಹಾಕಿದರು. ವಿಡಿಯೋ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ. ದುಬಾರಿ ಸ್ಟುಡಿಯೋದಲ್ಲಿ ಮಾಡಿದ್ದಕ್ಕಿಂತ, ಮೇಷ್ಟರು ತಮ್ಮ ಮೇಜಿನ ಹಿಂದೆ ಕೂತು ಆತ್ಮೀಯವಾಗಿ ಮಾತಾಡಿದ್ದನ್ನೇ ಹೆಚ್ಚು ಹೊತ್ತು ನೋಡಿದರು. ಸುಮ್ಮನೆ ಸ್ಲೈಡು ತೋರಿಸುವುದಕ್ಕಿಂತ ಖಾನರ ಹಾಗೆ ಕೈಯಲ್ಲಿ ಬರೆಯುತ್ತಾ ಹೋಗುವುದು ಮೇಲಾಯಿತು. ನಿಧಾನವಾಗಿ ಮಾತಾಡಿದರೆ ಮಕ್ಕಳಿಗೆ ಅರ್ಥವಾಗುತ್ತದೆ ಎಂಬ ನಮ್ಮೆಲ್ಲರ ನಂಬಿಕೆಗೂ ಅಲ್ಲಿ ಪೆಟ್ಟು ಬಿತ್ತು. ಉತ್ಸಾಹದಿಂದ ಸ್ವಲ್ಪ ಬೇಗ ಮಾತಾಡಿದವರ ಪಾಠವನ್ನೇ ಹೆಚ್ಚು ನೋಡಿದ್ದರು.

ಇದೆಲ್ಲ 2020ರ ಮೊದಲೇ ನಮಗೆ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು!

ಕೇರಳದಲ್ಲಿ ಪರದೆಯ ಪಾಠಕ್ಕೆ ಬುನಾದಿ ಮೊದಲೇ ಬಿದ್ದಿತ್ತು. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಉಪಗ್ರಹ ಹಾರಿಸಿತು. 2005ರ ಜುಲೈಯಲ್ಲಿ ಆಗಿನ ರಾಷ್ಟ್ರಪತಿ ಅಬ್ದುಲ್ ಕಲಾಂ ತಿರುವನಂತಪುರದಲ್ಲಿ ವಿಕ್ಟರ್ಸ್ ವಾಹಿನಿಯನ್ನು ಉದ್ಘಾಟಿಸಿದರು. ಆನೆಯ ವಿಡಿಯೋ ಬಂದು ಮೂರು ತಿಂಗಳಾಗಿತ್ತಷ್ಟೇ! ಹದಿನೈದು ವರ್ಷ ಅದು ತನ್ನ ಪಾಡಿಗೆ ನಡೆದುಕೊಂಡಿತ್ತು. ಕೊರೋನಾ ಬಂದು ಶಾಲೆ ಮುಚ್ಚಿದಾಗ, 2020ರ ಜೂನ್ 1ರಂದು ಕೈಟ್ ಸಂಸ್ಥೆ ಅದರಲ್ಲಿ 'ಫಸ್ಟ್ ಬೆಲ್' ತರಗತಿಗಳನ್ನು ಆರಂಭಿಸಿತು. ಮೊದಲ ದಿನಗಳಲ್ಲೇ ಕೋಝಿಕ್ಕೋಡು ಜಿಲ್ಲೆಯ ಸಾಯಿ ಶ್ವೇತಾ ಟೀಚರ್ ಒಂದನೇ ತರಗತಿಗೆ ಮಿಟ್ಟು ಎಂಬ ಬೆಕ್ಕಿನ ಕಥೆ ಹೇಳಿ ರಾಜ್ಯಕ್ಕೆಲ್ಲ ಪರಿಚಿತರಾದರು. ಶುರುವಿಗೆ ಕೆಲವರು ಗೇಲಿ ಮಾಡಿದರು. ಗೇಲಿ ಮಾಡಿದವರು ಯಾರೂ ಒಂದನೇ ತರಗತಿಯವರಲ್ಲ! ಮಕ್ಕಳಿಗೆ ಅದು ಬಹಳ ಇಷ್ಟವಾಗಿತ್ತು. ಯಾರಿಗಾಗಿ ಹೇಳುತ್ತಿದ್ದೇನೆ ಎಂಬುದು ಆ ಟೀಚರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ ಆ ಬೆಕ್ಕು ಮಾತಾಡಿದ್ದು ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರತ್ಯೇಕ ತರಗತಿಗಳು ಬಂದದ್ದು ಕೈಟ್ ಕಾಸರಗೋಡಿನ ಯೂಟ್ಯೂಬ್ ಪುಟದಲ್ಲಿ. ನಮ್ಮ ಜಿಲ್ಲೆಯ ಅಧ್ಯಾಪಕರೇ ಕಷ್ಟಪಟ್ಟು ಮಾಡಿದ್ದರು, ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೂ ಟಿ.ವಿ. ಹಾಕಿದರೆ ಬರುವುದಕ್ಕೂ, ಮೊಬೈಲಿನಲ್ಲಿ ಹುಡುಕಿ ನೋಡುವುದಕ್ಕೂ ವ್ಯತ್ಯಾಸವಿದೆ. ಕರ್ನಾಟಕದ ಅಧ್ಯಾಪಕರ ವಿಡಿಯೋಗಳು ಧಾರಾಳ ಇದ್ದವು. ಅವು ಕನ್ನಡವೇ, ಆದರೆ ನಮ್ಮ ಪುಸ್ತಕವಲ್ಲ. ನಮ್ಮದು ಕೇರಳದ ಪಠ್ಯ, ಕನ್ನಡದಲ್ಲಿ ಅಚ್ಚಾದದ್ದು. ಅಲ್ಲಿ ನೋಡಿ ಇಲ್ಲಿ ಉತ್ತರ ಬರೆಯಲು ಆಗದು. ಮಲಯಾಳ ಮಾಧ್ಯಮಕ್ಕೆ ಪುಸ್ತಕ ಸರಿ, ಮಾತು ಬೇರೆ. ಕರ್ನಾಟಕಕ್ಕೆ ಮಾತು ಸರಿ, ಪುಸ್ತಕ ಬೇರೆ. ನಮ್ಮ ಮಕ್ಕಳು ಯಾವಾಗಲೂ ನಿಲ್ಲುವ ಜಾಗವೇ ಇದು, ಆ ವರ್ಷ ಅದು ಎಲ್ಲರ ಕಣ್ಣಿಗೆ ಕಂಡಿತು ಅಷ್ಟೆ. ಹಾಗಾಗಿ ನಾವು ಮೂವರೂ ಒಂದು ಮೊಬೈಲು ಹಿಡಿದು ಹೊರಟೆವು.

ನಮ್ಮ ಮೊದಲ ವಿಡಿಯೋ ಏಳನೇ ತರಗತಿಯ ಸಮಾಜ ವಿಜ್ಞಾನದ್ದು. 28 ನಿಮಿಷ! ನಮಸ್ಕಾರ, ನಮ್ಮ ಶಾಲೆಯ ಪರಿಚಯ, ಕೊರೋನಾ ಬಗ್ಗೆ ಎಚ್ಚರಿಕೆ, ಮಕ್ಕಳಿಗೆ ಶುಭ ಹಾರೈಕೆ, ಹೀಗೆ ಮೂರು ನಿಮಿಷ ಕಳೆದ ಮೇಲೆ ಪಾಠ. ಹಂಚಿನ ಮಾಡಿನ ಮೇಲೆ ಜೂನ್ ತಿಂಗಳ ಮಳೆ. ಖಾಲಿ ತರಗತಿ ಕೋಣೆಯಲ್ಲಿ ಧ್ವನಿ ಬಾವಿಯೊಳಗಿಂದ ಬಂದ ಹಾಗೆ. ಹಿಂದಿನ ಕಿಟಕಿಯ ಬೆಳಕಿಗೆ ಮುಖ ಕಪ್ಪು. ನಾವು ಮಾತ್ರ ದೂರದರ್ಶನದವರ ಹಾಗೆ ಶರ್ಟು ಇಸ್ತ್ರಿ ಮಾಡಿಕೊಂಡು ನಿಂತಿದ್ದೆವು. ಯಾರು ಎಷ್ಟು ಹೊತ್ತು ನೋಡಿದರು ಎಂದು ತೋರಿಸುವ ಗೆರೆಯೊಂದು ಯೂಟ್ಯೂಬಿನಲ್ಲಿದೆ. ನಮ್ಮದರಲ್ಲಿ ಅದು ಗುಡ್ಡೆಯಿಂದ ಉರುಳಿದ ಕಲ್ಲಿನ ಹಾಗೆ ಮೊದಲ ನಿಮಿಷದಲ್ಲೇ ಕೆಳಗೆ ಬಿದ್ದಿತ್ತು. ಒಬ್ಬ ಹುಡುಗ ಧ್ವನಿ ಸಂದೇಶ ಕಳಿಸಿದ: "ಸರ್, ಪಾಠ ಎಷ್ಟನೇ ನಿಮಿಷದಲ್ಲಿ ಶುರು?" ಅವನ ಮೇಲೆ ಸಿಟ್ಟು ಬಂತು. ರಾತ್ರಿ ಯೋಚಿಸಿದಾಗ, ನಮಗೆ ಸಿಕ್ಕಿದ ಅತ್ಯುತ್ತಮ ವಿಮರ್ಶೆ ಅದೇ ಅನಿಸಿತು.

ಖೇಡಾದವರು ಮೊದಲೇ ಮಾಡಿದ್ದನ್ನು ನಾವು ಆಗ, ತಡವಾಗಿ ಮಾಡಿದೆವು. ಒಬ್ಬೊಬ್ಬರ ಮನೆಗೂ ಫೋನು ಮಾಡಿ, ಹೇಗೆ ನೋಡುತ್ತೀರಿ ಎಂದು ಕೇಳಿದೆವು. ನಮ್ಮ ಕಣ್ಣು ತೆರೆಸಿದ ದಿನಗಳು ಅವು. ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲು, ಅದು ಅಪ್ಪನ ಕಿಸೆಯಲ್ಲಿ. ಅಪ್ಪ ಕೆಲಸದಿಂದ ಬರುವುದು ಸಂಜೆ ಏಳಕ್ಕೆ. ನಾವು ಬೆಳಿಗ್ಗೆ ಹತ್ತಕ್ಕೆ ಹಾಕಿ, ಮಕ್ಕಳು ನೋಡಲಿಲ್ಲ ಎಂದು ಬೈಯುತ್ತಿದ್ದೆವು! ಬೀಡಿ ಕಟ್ಟುತ್ತಾ ಕೂತ ಅಮ್ಮನ ಪಕ್ಕ ಮೊಬೈಲು ಇಟ್ಟು ಮೂವರು ಮಕ್ಕಳು ಒಟ್ಟಿಗೆ ನೋಡುವ ಮನೆಯಿತ್ತು. ಅಲ್ಲಿ ಅಕ್ಷರ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ. ತೋಟದ ಕೆಳಗಿನ ಮನೆಗಳಲ್ಲಿ ರೇಂಜೇ ಇಲ್ಲ, ಗುಡ್ಡೆ ಹತ್ತಬೇಕು. ಅಲ್ಲಿ ಇಳಿಸಿಕೊಂಡು ಮನೆಗೆ ಬಂದು ನೋಡಬೇಕಾದರೆ ವಾಟ್ಸಾಪಿನಲ್ಲಿ ಹೋಗುವಷ್ಟು ಸಣ್ಣದಿರಬೇಕು. ಆಗ ಅದರ ಮಿತಿ 16 ಎಂಬಿ.

ಆ ಮೇಲೆ ಬದಲಾದದ್ದೆಲ್ಲ ಈ ಫೋನುಗಳಿಂದಲೇ. ಪಾಠವನ್ನು ಐದಾರು ನಿಮಿಷದ ತುಂಡು ಮಾಡಿದೆವು. ಅಧ್ಯಯನ ಓದಿ ಮಾಡಿದ್ದಲ್ಲ, 16 ಎಂಬಿಗೆ ಹೆದರಿ ಮಾಡಿದ್ದು. ಖಾನರ ಹತ್ತು ನಿಮಿಷದ ಕಥೆ ಓದಿದಾಗ ಇದು ನೆನಪಾಗಿ ನಕ್ಕೆವು. ಸಂಜೆ ಏಳೂವರೆಗೆ ಹಾಕತೊಡಗಿದೆವು. ಧ್ವನಿಮುದ್ರಣಕ್ಕೆ ನಮ್ಮಲ್ಲೊಬ್ಬರ ಮನೆಯ ಹಾಸಿಗೆ, ಬಟ್ಟೆ ರಾಶಿ ಹಾಕಿದ ಒಳಕೋಣೆ. ಬಟ್ಟೆ ಇದ್ದಲ್ಲಿ ಪ್ರತಿಧ್ವನಿ ಬರುವುದಿಲ್ಲ, ಇದಕ್ಕೆ ಕಾಸು ಖರ್ಚಿಲ್ಲ. ಮೊಬೈಲಿನೊಟ್ಟಿಗೆ ಬಂದ ಇಯರ್‌ಫೋನಿನ ವಯರಿನಲ್ಲಿರುವ ಮೈಕನ್ನು ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿದರೆ ಸಾಕು. ಕಿಟಕಿಗೆ ಬೆನ್ನು ಹಾಕುವ ಬದಲು ಮುಖ ಮಾಡಿ ಕೂತೆವು. ಹೆಸರು ಕೊಡುವುದರಲ್ಲೂ ಬುದ್ಧಿ ಬಂತು. 'ಬನ್ನಿ ಮಕ್ಕಳೇ ಇತಿಹಾಸದ ಹಾದಿಯಲ್ಲಿ' ಎಂದು ಚಂದ ಮಾಡಿ ಬರೆದರೆ ಯಾರಿಗೂ ಸಿಗದು. 'ಏಳನೇ ತರಗತಿ ಸಮಾಜ ವಿಜ್ಞಾನ ಪಾಠ 3 ಕೇರಳ ಕನ್ನಡ ಮಾಧ್ಯಮ' ಎಂದರೆ ಸಿಗುತ್ತದೆ, ಹುಡುಕುವ ಮಗು ಬರೆಯುವುದು ಅದನ್ನೇ.

ಎಲ್ಲಕ್ಕಿಂತ ದೊಡ್ಡದು ಭಾಷೆಯ ವಿಷಯ. ನಮ್ಮ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಮಾತಾಡುವವರು ಕಡಿಮೆ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಹೀಗೆ ಒಂದೇ ಬೆಂಚಿನಲ್ಲಿ ನಾಲ್ಕು ಭಾಷೆ. ಮನೆಯಲ್ಲಿ ಕನ್ನಡವಿದ್ದರೂ ಅದು ಹವ್ಯಕ ಕನ್ನಡವೋ ಇನ್ನೊಂದೋ. ತರಗತಿಯಲ್ಲಿ ಮುಖ ನೋಡಿದಾಗ ತಿಳಿಯುತ್ತದೆ, ಯಾರಿಗೆ ಗೊತ್ತಾಗಲಿಲ್ಲ ಎಂದು. ಆಗ ಒಂದು ತುಳು ಮಾತು ಬಾಯಿಗೆ ತನ್ನಿಂದ ತಾನೇ ಬರುತ್ತದೆ. ವಿಡಿಯೋದಲ್ಲಿ ಮಾತ್ರ ನಾವು ಯಾರೋ ಸಾಹಿತ್ಯ ಸಮ್ಮೇಳನಕ್ಕೆ ಬಂದವರ ಹಾಗೆ ಗ್ರಾಂಥಿಕ ಕನ್ನಡ ಮಾತಾಡುತ್ತಿದ್ದೆವು. ಎಲ್ಲರೂ ನೋಡುತ್ತಾರಲ್ಲ, ಬೆಂಗಳೂರಿನವರು ನೋಡಿದರೆ ಏನಂದುಕೊಂಡಾರು ಎಂಬ ಸಂಕೋಚ! ಬೆಂಗಳೂರಿನವರು ಏಳನೇ ತರಗತಿಯ ಕೇರಳ ಪಠ್ಯವನ್ನು ಯಾಕೆ ನೋಡುತ್ತಾರೆ ಎಂದು ನಮ್ಮ ಕನ್ನಡ ಟೀಚರ್ ಕೇಳಿದ ಮೇಲೆ ಆ ಭೂತ ಬಿಟ್ಟಿತು. ತರಗತಿಯಲ್ಲಿ ಹೇಗೋ ಹಾಗೆಯೇ, ಕಷ್ಟದ ಪದ ಬಂದಲ್ಲಿ ಒಂದು ತುಳು ಮಾತು, ಒಂದು ಮಲಯಾಳ ಮಾತು ಸೇರಿಸಿದೆವು. ಆ ಗೆರೆ ಮೊದಲಿನಷ್ಟು ಬೇಗ ಬೀಳುವುದು ನಿಂತಿತು. ಹೋಗಿ ಕನ್ನಡ ಹಾಳಾಯಿತು ಎಂದು ಆಕ್ಷೇಪಿಸಿದ ಹಿರಿಯರೂ ಇದ್ದಾರೆ. ಅವರ ಆತಂಕ ನಮಗೆ ಅರ್ಥವಾಗುತ್ತದೆ. ಆದರೆ ತುಳುವಿನ ಸೇತುವೆ ಹತ್ತಿ ಕನ್ನಡಕ್ಕೆ ಬಂದ ಮಗು ಕನ್ನಡದಲ್ಲೇ ಉತ್ತರ ಬರೆಯುತ್ತದೆ. ಸೇತುವೆ ಇಲ್ಲದಿದ್ದರೆ ಅದು ಬೇರೆ ಮಾಧ್ಯಮಕ್ಕೆ ಹೋಗುತ್ತದೆ, ಅಷ್ಟೆ.

ಸಂಖ್ಯೆಯ ಆಸೆ ನಮಗೂ ಹುಟ್ಟಿತ್ತು, ಮುಚ್ಚಿಡುವುದೇಕೆ? ಮಧ್ಯದಲ್ಲೊಮ್ಮೆ ಬೇಕಲ ಕೋಟೆಯ ಬಗ್ಗೆ, ಕೆಳದಿಯ ಶಿವಪ್ಪ ನಾಯಕನ ಬಗ್ಗೆ ಒಂದು ವಿಡಿಯೋ ಮಾಡಿದೆವು. ನಮ್ಮ ಎಲ್ಲ ಪಾಠಗಳನ್ನು ಒಟ್ಟು ಸೇರಿಸಿದರೂ ಬಾರದಷ್ಟು ಮಂದಿ ಅದನ್ನೊಂದನ್ನೇ ನೋಡಿದರು. ಶಿವಮೊಗ್ಗ, ಹುಬ್ಬಳ್ಳಿ, ದುಬಾಯಿ ಕಡೆಯವರೆಲ್ಲ ಹೊಗಳಿ ಬರೆದರು. ತಲೆ ಸ್ವಲ್ಪ ತಿರುಗಿತು. 2018ರಲ್ಲಿ ಯೂಟ್ಯೂಬು ಹಾಕಿದ ನಿಯಮದಂತೆ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆ ನೋಟ ಆದರೆ ಜಾಹೀರಾತಿನ ಕಾಸೂ ಸಿಗುತ್ತದಂತೆ, ಶಾಲೆಗೆ ಒಂದು ಪ್ರೊಜೆಕ್ಟರ್ ಬಂದೀತು ಎಂದು ಲೆಕ್ಕ ಹಾಕಿದೆವು. ಎರಡು ತಿಂಗಳು ಕೋಟೆ, ದೇವಸ್ಥಾನ, ಜಲಪಾತ ಎಂದು ಓಡಾಡಿದೆವು. ಅಷ್ಟರಲ್ಲಿ ಆರನೇ ತರಗತಿಯ ಎರಡು ಪಾಠಗಳು ಬಾಕಿ ಉಳಿದವು. ಕೋಟೆ ನೋಡಲು ಬಂದವರಲ್ಲಿ ಒಬ್ಬರೂ ದಶಮಾಂಶದ ಪಾಠಕ್ಕೆ ಕೂರಲಿಲ್ಲ, ಯಾಕೆ ಕೂರಬೇಕು? ಊರಿನ ಚರಿತ್ರೆಯ ವಿಡಿಯೋ ಮಾಡಬಾರದೆಂದಲ್ಲ, ಮಾಡಬೇಕು. ಆದರೆ ಅದು ಬೇರೆ ಸಭೆ, ಅದಕ್ಕೆ ಬೇರೆ ಪುಟ. ಎರಡನ್ನೂ ಒಂದೇ ಚಪ್ಪರದಡಿ ಕೂರಿಸಲು ಹೋದದ್ದು ನಮ್ಮ ತಪ್ಪು.

2021ರ ನವೆಂಬರ್ 1ರಂದು ಶಾಲೆ ಮತ್ತೆ ತೆರೆಯಿತು. ಇನ್ನು ವಿಡಿಯೋ ಯಾರಿಗೆ ಬೇಕು ಎಂದುಕೊಂಡೆವು. ಆದರೆ ಪರೀಕ್ಷೆಯ ಹೊತ್ತಿಗೆ ಲೆಕ್ಕ ಏರುತ್ತಿತ್ತು. ಜ್ವರ ಬಂದು ಶಾಲೆ ತಪ್ಪಿದವರು, ಬೇರೆ ಶಾಲೆಯ ಕನ್ನಡ ಮಾಧ್ಯಮದವರು ನೋಡುತ್ತಿದ್ದರು. ಮೂರನೇ ತರಗತಿಯ ಒತ್ತಕ್ಷರದ ಒಂದು ವಿಡಿಯೋವನ್ನು ಮಾತ್ರ ಯಾರೋ ರಾತ್ರಿ ಹತ್ತರ ಮೇಲೆ ಮತ್ತೆ ಮತ್ತೆ ನೋಡುತ್ತಿದ್ದರು. ಮೂರನೇ ತರಗತಿಯ ಮಗು ಆ ಹೊತ್ತಿನಲ್ಲಿ ಎಚ್ಚರ ಇರುವುದುಂಟೇ?

ಕಳೆದ ವರ್ಷದ ಕೊನೆಗೆ ಒಬ್ಬ ತಾಯಿ ಶಾಲೆಗೆ ಬಂದರು. ಅವರು ಹುಟ್ಟಿ ಬೆಳೆದದ್ದು ಕಣ್ಣೂರಿನ ಕಡೆ, ಕಲಿತದ್ದು ಮಲಯಾಳದಲ್ಲಿ. ಮದುವೆಯಾಗಿ ಬಂದದ್ದು ಇಲ್ಲಿನ ಕನ್ನಡದ ಮನೆಗೆ. ಮಗಳಿಗೆ ಮನೆಕೆಲಸ ಹೇಳಿಕೊಡಲು ತನಗೆ ಓದಲು ಬರುವುದಿಲ್ಲ, ಮಗುವನ್ನು ಬೇರೆ ಮಾಧ್ಯಮಕ್ಕೆ ಹಾಕುವುದೇ ಒಳ್ಳೆಯದೋ ಏನೋ ಎಂದು ಒಂದು ಕಾಲದಲ್ಲಿ ನಮ್ಮಲ್ಲೇ ಹೇಳಿದ್ದವರು. ಆ ದಿನ ಒಂದು ಕಾಪಿ ಪುಸ್ತಕ ತಂದಿದ್ದರು, ಮಗಳದ್ದಲ್ಲ, ತನ್ನದೇ. ಅದರ ತುಂಬ ಕ್ಕ, ತ್ತ, ಲ್ಲ, ಷ್ಟ. ಮಗಳು ಮಲಗಿದ ಮೇಲೆ ನೋಡಿ ನೋಡಿ ಬರೆದದ್ದು.

"ಮಾಷೇ, ಅವಳು ಈಗ ನಾಲ್ಕಕ್ಕೆ ಬರ್ತಾಳಲ್ಲ. ನಾಲ್ಕನೆಯದ್ದರ ವಿಡಿಯೋ ಎಲ್ಲಿ?"

ನಾಲ್ಕನೆಯದ್ದು ಇತ್ತು. ಆದರೆ ಕೇರಳದಲ್ಲಿ 2024ರಲ್ಲಿ ಒಂದು, ಮೂರು, ಐದು, ಏಳು, ಒಂಬತ್ತನೇ ತರಗತಿಗಳಿಗೆ, 2025ರಲ್ಲಿ ಎರಡು, ನಾಲ್ಕು, ಆರು, ಎಂಟು, ಹತ್ತಕ್ಕೆ ಪುಸ್ತಕ ಬದಲಾಗಿದೆ. 2020ರಲ್ಲಿ ಬೆವರು ಸುರಿಸಿ ಮಾಡಿದ್ದರಲ್ಲಿ ಹೆಚ್ಚಿನವು ಈಗ ಹಳೆಯ ಪುಸ್ತಕದ ಪಾಠಗಳು. ಎಲ್ಲವನ್ನೂ ಮೊದಲಿಂದ ಮಾಡಬೇಕು. ನಾಲ್ಕರಿಂದಲೇ ಶುರು ಮಾಡಿದ್ದೇವೆ. ಮೊದಲ ಪಾಠದ ಮೊದಲ ತುಂಡು ಮುಗಿದಿದೆ, ಐದು ನಿಮಿಷ ನಲವತ್ತು ಸೆಕೆಂಡು. ಮೂರನೇ ನಿಮಿಷದಲ್ಲಿ ಪಕ್ಕದ ಮನೆಯ ಕೋಳಿ ಒಮ್ಮೆ ಕೂಗಿದೆ, ಇರಲಿ ಎಂದು ಹಾಗೆಯೇ ಬಿಟ್ಟಿದ್ದೇವೆ. ಪ್ರಶ್ನೆ ಕೇಳಿದ ಆ ಹೊಸ ಟೀಚರ್ ಎರಡನೇ ತುಂಡಿಗೆ ಧ್ವನಿ ಕೊಡಲು ಶನಿವಾರ ಬರುತ್ತೇನೆಂದಿದ್ದಾರೆ.